ಎಮ್ಮೆಕಲ್ಲು ಮಲಗಿದ ವರ್ಷ

ಬೆಳಿಗ್ಗೆ ಎಸ್ಟೇಟಿನ ಹಾಜರಿಗೆ ಹೋಗುವಾಗ ವಸಂತ ಕಲ್ಲೊಳೆಯ ಸೇತುವೆ ಮೇಲೆ ಬೈಕು ನಿಲ್ಲಿಸದ ದಿನವಿಲ್ಲ. ಜ್ವರ ಬಂದಾಗಲೂ ನಿಲ್ಲಿಸಿದ್ದಾನೆ, ಅವ್ವ ತೀರಿಕೊಂಡ ನಾಲ್ಕನೇ ದಿನವೂ ನಿಲ್ಲಿಸಿದ್ದಾನೆ. ಕಂಬಿಗೆ ಹೊಟ್ಟೆ ಒತ್ತಿ ಕೆಳಕ್ಕೆ ಬಗ್ಗಿ ನೋಡಿ, ಫೋನು ತೆಗೆದು ಒಂದೇ ಮಾತು ಹೇಳುವುದು.

"ಎಮ್ಮೆ ನಿಂತೈತೆ."

ಆ ಕಡೆ ಯಸಳೂರಿನ ಮೆಣಸಿನ ವ್ಯಾಪಾರಿ ರಾಜಶೇಖರ್. "ನಿಂತ್ಕೊಳ್ಲಿ ಬಿಡು. ಅದಕ್ಕೇನು ಮಂಡಿನೋವಾ?" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಇಬ್ಬರೂ ಅವರವರ ಕೆಲಸಕ್ಕೆ.

ಎಮ್ಮೆಯೆಂದರೆ ಸೇತುವೆಯಿಂದ ನೂರು ಮಾರು ಕೆಳಗೆ ಹೊಳೆ ನಡುವೆ ಇದ್ದ ಒಂದು ಕರಿಬಂಡೆ. ಅಗಲವಾದ ಬೆನ್ನು, ಒಂದು ತುದಿಯಲ್ಲಿ ಮೇಲೆದ್ದ ಮೊಳದುದ್ದದ ಕೊಂಬು. ಹಿಂದೆ ಹರಿಗೋಲು ಹಾಕುತ್ತಿದ್ದ ಲಕ್ಕಪ್ಪ, ಇವರಿಬ್ಬರೂ ಚಡ್ಡಿ ಹಾಕಿಕೊಂಡು ಗಾಳ ಹಿಡಿದು ಕೂತಿದ್ದಾಗ ಹೇಳಿಕೊಟ್ಟ ಲೆಕ್ಕ ಅದು. ಎಮ್ಮೆ ಮಲಗಿದ್ದರೆ, ಅಂದರೆ ಬೆನ್ನು ನೀರೊಳಗಿದ್ದು ಕೊಂಬು ಮಾತ್ರ ಕಾಣುತ್ತಿದ್ದರೆ ದೋಣಿ ಬಿಡಬಹುದು, ಕೆಳಗಿನ ಕಲ್ಲಿನ ಇಳಿಜಾರುಗಳಲ್ಲೆಲ್ಲ ತಳ ತಾಗದಷ್ಟು ನೀರಿರುತ್ತದೆ. ಬೆನ್ನು ಕಂಡರೆ ಎಮ್ಮೆ ನಿಂತಿದೆ, ನೀರು ಸಾಲದು. ಕೊಂಬೂ ಮುಳುಗಿದ್ದರೆ ಹೊಳೆ ಕಡೆ ತಲೆ ಹಾಕಬೇಡಿ ಎಂದು ಆತ ತನ್ನ ಮೋಟು ಬೀಡಿ ತೋರಿಸಿ ಹೆದರಿಸಿದ್ದ. ಲಕ್ಕಪ್ಪ ಹೋಗಿ ಇಪ್ಪತ್ತು ವರ್ಷವಾಯಿತು. ಲೆಕ್ಕ ಮಾತ್ರ ಒಂದು ಸಲವೂ ತಪ್ಪಿರಲಿಲ್ಲ.

ಸೇತುವೆಯಿಂದ ಕಲ್ಲೊಳೆ ಹೇಮಾವತಿಯನ್ನು ಕೂಡುವ ಜಾಗದವರೆಗೆ ಏಳು ಮೈಲಿ. ಅಷ್ಟನ್ನೂ ದೋಣಿಯಲ್ಲಿ ತೇಲಿಕೊಂಡು, ದಾರಿಯುದ್ದಕ್ಕೂ ಗಾಳ ಬಿಟ್ಟುಕೊಂಡು ಹೋಗಬೇಕೆಂಬುದು ಈ ಇಬ್ಬರ ಹಳೇ ಆಸೆ. ಮೊದಲು ಆಸೆ ಇನ್ನೂ ದೊಡ್ಡದಿತ್ತು. ಎಸ್ಟೇಟಿನ ಹಳೇ ಸ್ಟೋರಿನ ಬಾಗಿಲ ಹಿಂದೆ, ಕಾಫಿ ಮೂಟೆಗಳ ಮೇಲೆ ಗುರುತು ಬರೆಯುವ ನೀಲಿ ಬಣ್ಣದಲ್ಲಿ ರಾಜಶೇಖರ್ ಐದು ಹೊಳೆಗಳ ಹೆಸರು ಬರೆದಿದ್ದ. ಬೆಳ್ಳಳ್ಳಕ್ಕೆ ಒಡ್ಡು ಬಿತ್ತು. ಹುಲಿಹಳ್ಳದ ನೀರನ್ನು ಮೋಟಾರುಗಳು ಕುಡಿದವು. ಇನ್ನೆರಡಕ್ಕೆ ರಸ್ತೆ ಅಗಲ ಮಾಡಿದ ಮಣ್ಣು ಜಾರಿ ತುಂಬಿಕೊಂಡಿತು. ಒಂದೊಂದು ಹೋದಾಗಲೂ ಒಂದೊಂದು ಗೀಟು. ಈಗ ಗೀಟಿಲ್ಲದೆ ಉಳಿದದ್ದು ಕಲ್ಲೊಳೆ ಒಂದೇ.

ಅದರಲ್ಲೂ ಹೋಗಲಾಗಿರಲಿಲ್ಲ. ಮಳೆಗಾಲ ಕಳೆದು ನೀರು ತಿಳಿಯಾಗುವ ಹೊತ್ತಿಗೆ, ಎಮ್ಮೆ ಬೆನ್ನು ಮುಳುಗಿರುವ ಆ ಹತ್ತು ಹದಿನೈದು ದಿನಕ್ಕೇ ಸರಿಯಾಗಿ ವಸಂತನಿಗೆ ಎಸ್ಟೇಟಿನಲ್ಲಿ ಉಸಿರು ಬಿಡಲು ಪುರಸೊತ್ತಿರುತ್ತಿರಲಿಲ್ಲ. ಅವನು ಅಲ್ಲಿ ರೈಟರ್. ರೈಟರ್ ಎಂದರೆ ಹಾಜರಿ ಬರೆಯುವವನು ಎಂದು ಊರವರು ತಿಳಿದಿದ್ದಾರೆ. ಕೂಲಿ ಲೈನಿನ ಮನೆಗಳ ಹೆಂಚು ಹಾರಿದರೂ ಅವನೇ, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಬೆಲ್ಟು ಹರಿದರೂ ಅವನೇ. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚುವುದರೊಳಗೆ ಕೂತಲ್ಲೇ ನಿದ್ದೆ. "ಬರೋ ವರ್ಷ ಹೋಗೋಣ ಕಣೋ" ಎಂದು ಅವನು ಹೇಳಿದ್ದು ಹದಿನಾಲ್ಕು ಸಲ. ಕಳೆದ ಐದಾರು ವರ್ಷವಂತೂ ಆ ಹದಿನೈದು ದಿನವೂ ಸಿಗಲಿಲ್ಲ. ನೀರು ಕೊಂಬಿನಿಂದ ಇಳಿದದ್ದೇ ತಡ, ಎರಡು ದಿನದಲ್ಲಿ ಬೆನ್ನು ಬಿಟ್ಟು ಹೊಟ್ಟೆಗೆ ಬಂದು ನಿಲ್ಲುತ್ತಿತ್ತು.

ದೋಣಿಯೇನೋ ಇತ್ತು. ಮುಚ್ಚಿಹೋದ ರೆಸಾರ್ಟೊಂದರಿಂದ ತಂದ ಹಳದಿ ಫೈಬರ್ ದೋಣಿ, ಇಬ್ಬರು ಹಿಂದುಮುಂದಾಗಿ ಕೂರುವಂಥದ್ದು. ಸ್ಟೋರಿನಲ್ಲಿ ಬೋರಲು ಬಿದ್ದಿತ್ತು. ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿದ್ದವು.

ರಾಜಶೇಖರನದು ಲಿಂಗಾಯತರ ಮನೆ. ಮೀನಿನ ವಾಸನೆ ಹೊಸಿಲು ದಾಟುವಂತಿಲ್ಲ. ಅವನು ತಿನ್ನುತ್ತಲೂ ಇರಲಿಲ್ಲ, ಹಿಡಿದದ್ದನ್ನು ಎರಡು ಕೈಯಲ್ಲಿ ಹಿಡಿದು ಅದರ ಮುಖ ನೋಡಿ ನೀರಿಗೆ ಬಿಟ್ಟುಬಿಡುತ್ತಿದ್ದ. ಆದರೂ ಗಾಳದ ಕೋಲನ್ನು ಮನೆಯಲ್ಲಿಡುವುದು ಹೇಗೆ? ಉದ್ದನೆಯ ಕರಿ ಛತ್ರಿಯ ಚೀಲವೊಂದನ್ನು ಹೊಲಿಸಿ ಅದರೊಳಗೆ ತೂರಿಸಿ ಅಂಗಡಿ ಮೂಲೆಯಲ್ಲಿ ನಿಲ್ಲಿಸಿದ್ದ. ಫೋನಿನಲ್ಲೂ ಅದು ಛತ್ರಿಯೇ. ಮಾರ್ಚಿನ ಉರಿಬಿಸಿಲಲ್ಲಿ ಛತ್ರಿ ಹಿಡಿದು, ಹಿಂದಿನ ರಾತ್ರಿಯ ರಾಗಿಮುದ್ದೆಯ ಚೂರೊಂದನ್ನು ಎರೆಗೆಂದು ಜೇಬಿಗಿಳಿಸಿ ಹೊರಟ ಗಂಡನನ್ನು ನೋಡಿ ಹೆಂಡತಿ ಬಸಮ್ಮ, "ಮಳೆ ನಿಮ್ಮ ಹೊಳೇಲಿ ಮಾತ್ರ ಬರುತ್ತಾ? ಛತ್ರಿಗೂ ಹಸಿವಾಗುತ್ತೆ ಅನ್ನಿ, ಮುದ್ದೆ ಬೇರೆ!" ಎನ್ನುತ್ತಿದ್ದಳಂತೆ. ಅವಳಿಗೆ ಎಲ್ಲ ಗೊತ್ತು. ಗೊತ್ತಿದೆಯೆಂದು ಇವನಿಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅದು ಛತ್ರಿಯಾಗಿಯೇ ಇತ್ತು.

ಹೋದ ಯುಗಾದಿಯ ಹೊತ್ತಿಗೆ ರಾಜಶೇಖರನ ಕಾಲು ಊದಿಕೊಂಡಿತು. ಹಾಸನದಲ್ಲಿ ತೋರಿಸಿದರು. ಎರಡೂ ಕಿಡ್ನಿ ಹೋಗಿವೆ ಎಂದರು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಎಡಗೈಯಲ್ಲಿ ರಕ್ತ ತೆಗೆಯುವ ಜಾಗ ಹಗ್ಗದ ಗಂಟಿನ ಹಾಗೆ ಎದ್ದಿತು, ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಆಗಸ್ಟಿನಲ್ಲಿ ಒಂದು ಸಲ ಎದೆಯಲ್ಲಿ ನೀರು ತುಂಬಿ ಹೋಗಿಯೇಬಿಟ್ಟ ಅನ್ನುವಂತಾಗಿ ವಾಪಸ್ಸು ಬಂದ. ನೋಡಲು ಹೋದ ವಸಂತನ ಕೈ ಹಿಡಿದು ಹೇಳಿದ್ದು ಇಷ್ಟೇ:

"ಬರೋ ವರ್ಷ ಅಂತ ಹೇಳ್ಬೇಡ ಮಾರಾಯ. ಈ ಸಲ ಹೇಳ್ಬೇಡ."

ವಸಂತ ಹೇಳಲಿಲ್ಲ. ಸೆಪ್ಟೆಂಬರ್ ಪೂರ್ತಿ ಹೊಳೆ ಕೆಂಪಾಗಿ ಹರಿಯಿತು, ಕೊಂಬೂ ಕಾಣಲಿಲ್ಲ. ಅಕ್ಟೋಬರ್ ಎರಡನೇ ವಾರ ಕೊಂಬಿನ ತುದಿ ಕಂಡಿತು. ಆಮೇಲೆ ನೀರು ತಿಳಿಯಾಗತೊಡಗಿತು. ವಸಂತ ದಿನಾ ಬಗ್ಗಿ ನೋಡುವನು. ಬೆನ್ನು ಏಳಲಿಲ್ಲ. ಎರಡು ದಿನ ಹೋಯಿತು, ನಾಲ್ಕು ದಿನ ಹೋಯಿತು, ಎಂಟು ದಿನವಾದರೂ ಏಳಲಿಲ್ಲ.

"ಎಮ್ಮೆ ಮಲಗೈತೆ ಕಣೋ! ಇವತ್ತೂ ಮಲಗೈತೆ!"

"ನಿಜ ಹೇಳ್ತಿದ್ದೀಯಾ? ನನ್ ಸಮಾಧಾನಕ್ಕೆ ಹೇಳ್ಬೇಡ."

"ನನ್ ಮಗಳಾಣೆ. ಬೆನ್ನ ಮೇಲೆ ಒಂದು ಗೇಣು ನೀರೈತೆ."

"ಹೊಳೆ ವಾಪಸ್ ಬಂದ್ಬುಡ್ತು ಅನ್ನು" ಎಂದ ರಾಜಶೇಖರ್. ಅವನ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಹಳೇ ಶೇಖ್ರ ಇದ್ದ.

ಕೊಂಬು ಸ್ವಲ್ಪ ವಾರೆಯಾಗಿ ಕಂಡದ್ದು ವಸಂತನಿಗೆ ಎರಡನೇ ದಿನವೇ ಕಣ್ಣಿಗೆ ಬಿದ್ದಿತ್ತು. ಸೇತುವೆಯ ಮೇಲೆ ನಿಂತ ಜಾಗ ಬೇರೆಯಿರಬೇಕು ಎಂದು ಎರಡು ಹೆಜ್ಜೆ ಸರಿದು ನಿಂತ. ಆಗಲೂ ವಾರೆಯೇ. ಹಾಜರಿಗೆ ತಡವಾಗುತ್ತದೆಂದು ಬೈಕು ಹತ್ತಿದ.

ರಜೆ ಕೇಳಿದಾಗ ಸಾಹುಕಾರರು ಹುಬ್ಬು ಗಂಟಿಕ್ಕಿದರು. ಬುಧವಾರ ಒಂದು ದಿನ ಕೊಟ್ಟರು. ಬುಧವಾರವೇ ಬೇಕಾಗಿತ್ತು, ಡಯಾಲಿಸಿಸ್ ಮಾರನೇ ದಿನ ಶೇಖ್ರನ ಮೈ ಹಗುರವಾಗಿರುತ್ತದೆ. ಹಿಂದಿನ ಸಂಜೆ ವಸಂತ ದೋಣಿಯನ್ನು ಮನೆಗೆ ತಂದು ತೊಳೆಯುತ್ತಿದ್ದರೆ ಮಗಳು ಮಾನಸ ತನ್ನ ರೂಮಿನ ಕಿಟಕಿಯಿಂದ ನೋಡುತ್ತ, "ಅಪ್ಪ, ನೀನು ನಗ್ತಾ ಇರೋದು ನೋಡಿ ಎಷ್ಟು ದಿನ ಆಗಿತ್ತು" ಎಂದಳು. ಪಿಯುಸಿ ಎರಡನೇ ವರ್ಷ. ಆ ರೂಮು ಅವಳ ಓದಿಗೆಂದೇ ಹೋದ ವರ್ಷ ಕಟ್ಟಿಸಿದ್ದು.

"ಓದ್ಕೊಳವ್ವ ನೀನು" ಎಂದು ವಸಂತ ಇನ್ನಷ್ಟು ನಕ್ಕ.

ಬುಧವಾರ ಬಸಮ್ಮ ತಾನೇ ಗಂಡನನ್ನು ಆಟೋದಲ್ಲಿ ಹೊಳೆ ದಂಡೆಗೆ ಕರೆತಂದಳು. ಸ್ವೆಟರು, ಮಫ್ಲರು, ಮಾತ್ರೆ ಡಬ್ಬಿ, ಅಳತೆ ಗೀಟು ಹಾಕಿದ ನೀರಿನ ಬಾಟಲು. ಕೊನೆಗೆ ಆ ಕರಿ ಚೀಲವನ್ನು ವಸಂತನ ಕೈಗಿಟ್ಟು, "ತಗೊಳ್ಳಿ ವಸಂತಣ್ಣ, ಛತ್ರಿ. ಮಳೆ ಬರೋ ಹಂಗೇನೂ ಕಾಣಲ್ಲ, ಆದ್ರೂ ಇರ್ಲಿ" ಎಂದಳು. ನಗಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಮುದ್ದೆಯ ಉಂಡೆಯನ್ನೂ ಬಿಚ್ಚಿ ಕೊಟ್ಟಳು. ಸಂಜೆ ನಾಲ್ಕಕ್ಕೆ ಹೇಮಾವತಿ ಕೂಡುವಲ್ಲಿ ಆಟೋ ತಂದು ಕಾಯುತ್ತೇನೆಂದು ಹೇಳಿ ಹೋದಳು.

ಎಮ್ಮೆಕಲ್ಲಿನ ಮಗ್ಗುಲಿಗೇ ದೋಣಿ ಇಳಿಸಿದರು. ನೀರು ಅಲ್ಲಿ ಕಪ್ಪಗೆ, ಆಳವಾಗಿ ನಿಂತಿತ್ತು. ದೋಣಿ ಒಂದು ಸಲ ತೂಗಿ ಸಮವಾಯಿತು. ಮುಂದೆ ಕೂತ ರಾಜಶೇಖರ್ ಬಲಗೈಯನ್ನು ನೀರಿಗಿಳಿಸಿದ. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿ ಮುಕ್ಕಳಿಸಿ, ಅಷ್ಟನ್ನೂ ಉಗಿದ.

"ಕುಡಿಯಂಗಿಲ್ಲ ಅಂದವ್ರೆ. ಬಾಯಿ ತೊಳೀಬೇಡ ಅಂದಿಲ್ಲ."

"ಗಾಳ ಬಿಡ್ತೀಯಾ?"

"ಇರು. ಮೊದ್ಲು ತೇಲೋಣ. ತೇಲ್ತಿದೀವಿ ಕಣೋ ರೈಟ್ರೇ! ಹಾಜರಿ ಹಾಕ್ಕೋ, ಇಬ್ರು ಆಳು ಬಂದವ್ರೆ ಅಂತ."

ವಸಂತ ಹುಟ್ಟು ಎಳೆದ. ದಂಡೆಯ ಹೊಂಗೆ ಮರಗಳು ಹಿಂದಕ್ಕೆ ಸರಿದವು. ಮಿಂಚುಳ್ಳಿಯೊಂದು ಮುಂದೆ ಮುಂದೆ ಹಾರಿತು. ಬಿಳಿಮೀನು ಇರುತ್ತಿದ್ದ ಮಡುವಿನ ಹೆಸರು, ಆಮೇಲೆ ಬರುವ ತಿರುವಿನ ಹೆಸರು, ಅದಾದ ಮೇಲೆ ಲಕ್ಕಪ್ಪನ ಹರಿಗೋಲು ತಿರುಗಿ ಬಿದ್ದ ಜಾಗ, ಎಲ್ಲವನ್ನೂ ರಾಜಶೇಖರ್ ಒಂದೊಂದಾಗಿ ಹೇಳತೊಡಗಿದ. ಮೂರನೇ ಹೆಸರು ಬಾಯಲ್ಲಿದ್ದಾಗ ತಳದಲ್ಲಿ ಕರ್ರೆಂದಿತು.

ದೋಣಿ ನಿಂತಿತು.

ವಸಂತ ಹುಟ್ಟನ್ನು ಊರಿ ತಳ್ಳಿದ. ನಾಲ್ಕು ಅಡಿ ಹೋಗಿ ಮತ್ತೆ ಕರ್ರೆಂದಿತು. ಇಳಿದ. ನೀರು ಮಂಡಿಗೂ ಬರಲಿಲ್ಲ, ಮೀನಖಂಡಕ್ಕೆ ನಿಂತಿತು. ಮುಂದೆ ಕಣ್ಣು ಹಾಯಿಸಿದರೆ ಹೊಳೆಯಗಲಕ್ಕೂ ಉರುಟುಕಲ್ಲುಗಳ ತಲೆ. ಅವುಗಳ ಸಂದಿಯಲ್ಲಿ ನೀರು ಅಲ್ಲೊಂದು ಇಲ್ಲೊಂದು ಎಳೆಯಾಗಿ ಹರಿಯುತ್ತಿತ್ತು. ಅದರಾಚೆ ಇನ್ನೂ ಆರೂಮುಕ್ಕಾಲು ಮೈಲಿ.

"ಇಲ್ಲಿ ಸ್ವಲ್ಪ ಕಮ್ಮಿ ಇರ್ಬೋದು. ಎಳೀತೀನಿ ತಾಳು."

"ಎಮ್ಮೆ ಮಲಗಿದ್ರೆ ಇಲ್ಲಿ ಸೊಂಟದಷ್ಟು ಇರ್ಬೇಕು ವಸಂತ. ನಿಂಗೂ ಗೊತ್ತು."

ಗೊತ್ತಿತ್ತು. ವಸಂತ ಹುಟ್ಟು ಹಿಡಿದು ದಂಡೆಯ ಮೇಲೆ ಹಿಂದಕ್ಕೆ ನಡೆದ. ಎಮ್ಮೆಕಲ್ಲಿನ ಹತ್ತಿರ ನೀರಿಗಿಳಿದು, ಬುಡದಲ್ಲಿ ಹುಟ್ಟನ್ನು ಇಳಿಬಿಟ್ಟ. ಹುಟ್ಟು ಪೂರಾ ಹೋಯಿತು, ಅವನ ತೋಳೂ ಭುಜದವರೆಗೆ ಹೋಯಿತು, ತಳ ಸಿಗಲಿಲ್ಲ. ಸುತ್ತ ಬೇರೆಲ್ಲ ಕಡೆ ತೊಡೆಯಷ್ಟು ನೀರು, ಎಮ್ಮೆಯ ಸುತ್ತ ಮಾತ್ರ ಗುಂಡಿ. ಹೊಳೆ ಏರಿರಲಿಲ್ಲ. ಎಮ್ಮೆಯೇ ಇಳಿದಿತ್ತು.

ಗುಂಡಿ ತೋಡಿದವರು ಯಾರೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ಬೇಸಿಗೆ ಹಿಂದೆ ಎಸ್ಟೇಟಿಗೆ ಕಾಫಿ ಒಣಗಿಸುವ ಹೊಸ ಕಣ ಹಾಕಿಸಿದರು. ಮರಳು ಇಲ್ಲಿಂದಲೇ ಹೋಯಿತು. ಜೆಸಿಬಿ ದಂಡೆಗೆ ಬಂದಾಗ ಮುಂದೆ ನಿಂತು ಜಾಗ ತೋರಿಸಿದವನು ವಸಂತ. "ಎಮ್ಮೆ ಮುಟ್ಬೇಡ್ರಪ್ಪ, ಅದರ ಪಾಡಿಗೆ ಅದಿರ್ಲಿ" ಎಂದು ಹೇಳಿದ್ದ. ಅವರು ಮುಟ್ಟಲಿಲ್ಲ. ಸುತ್ತಲೂ ಬಗೆದರು, ಎಮ್ಮೆಯನ್ನು ಹಾಗೇ ಬಿಟ್ಟರು. ಕೊನೇ ದಿನ ಎರಡು ಟ್ರ್ಯಾಕ್ಟರ್ ಮರಳು ವಸಂತನ ಮನೆಗೂ ಬಂತು, ಮಾನಸಳ ರೂಮಿಗೆ. ಅವನು ಬಾಯಿಬಿಟ್ಟು ಕೇಳಿದ್ದ. ಸಾಹುಕಾರರು ಆಗಲಿ ಅಂದಿದ್ದರು. ಅಂದು ಸಂಜೆ ಅವನಿಗೆ ಬಹಳ ಸಂತೋಷವಾಗಿತ್ತು. ಈ ಮಳೆಗಾಲದ ಪ್ರವಾಹ ಉಳಿದ ಕೆಲಸ ಮಾಡಿತ್ತು, ಬುಡದ ನೆಲ ಕರಗಿ ಬಂಡೆ ವಾರೆಯಾಗಿ ಗುಂಡಿಗಿಳಿದಿತ್ತು.

ದೋಣಿಯ ಹತ್ತಿರ ವಾಪಸ್ಸು ಬಂದಾಗ ರಾಜಶೇಖರ್ ಛತ್ರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಿಚ್ಚಿರಲಿಲ್ಲ.

"ಏನಂತೆ ಎಮ್ಮೆ?"

"ಕೆಳಗೆ ಇಳಿದ್ಬುಟ್ಟೈತೆ. ಬುಡದಲ್ಲಿ ಮರಳಿಲ್ಲ."

"ಯಾವನೋ ರಾತ್ರಿ ಲಾರೀಲಿ ಹೊಡ್ಕೊಂಡ್ ಹೋಗವ್ನೆ. ಅವ್ನಿಗೆ ಕೈ ಸೇದೋಗ. ಯಾರಿರ್ಬೋದು?"

ವಸಂತನ ನಾಲಿಗೆಯ ತುದಿಗೆ ಒಂದೆರಡು ಹೆಸರು ಬಂದವು. ಆ ಕೆಲಸ ಮಾಡುವವರು ಸುತ್ತಮುತ್ತ ಇದ್ದೇ ಇದ್ದರು, ಹೇಳಿದ್ದರೆ ಶೇಖ್ರ ನಂಬುತ್ತಿದ್ದ. ಅವನು ನೀರಲ್ಲಿ ನಿಂತ ತನ್ನ ಕಾಲು ನೋಡಿಕೊಂಡ.

"ರಾತ್ರಿ ಅಲ್ಲ. ಹಗಲೇ. ನಾನೇ ನಿಂತು ತೆಗೆಸಿದ್ದು. ಕಣಕ್ಕೆ. ಆಮೇಲೆ ಮಾನಸನ್ ರೂಮಿಗೆ."

ರಾಜಶೇಖರ್ ಮಿಂಚುಳ್ಳಿ ಹೋಗಿದ್ದ ದಿಕ್ಕಿಗೆ ನೋಡುತ್ತಿದ್ದ.

"ಇಳಿದೈತೆ ಅಂತ ಗೊತ್ತಿತ್ತಾ ನಿಂಗೆ?"

"ಇಲ್ಲ. ಅದು ಗೊತ್ತಿರ್ಲಿಲ್ಲ ಕಣೋ."

"ದಿನಾ ನೋಡ್ತಿದ್ದೆಯಲ್ಲ. ಕೊಂಬು ವಾರೆ ಆಗಿರೋದು ಕಾಣ್ಲಿಲ್ವಾ?"

"ಕಂಡ್ತು."

"ಕಂಡು?"

"ಕಂಡಿಲ್ಲ ಅನ್ಕೊಂಡೆ."

ರಾಜಶೇಖರ್ ತಲೆಯಾಡಿಸಿದ. ಬೈದಿದ್ದರೆ ವಸಂತನಿಗೆ ಎಷ್ಟೋ ಹಗುರವಾಗುತ್ತಿತ್ತು. "ಎಳಿ. ಮನೆಗೆ ಹೋಗೋಣ" ಎಂದಷ್ಟೇ ಹೇಳಿ ವಸಂತನಿಗೆ ಬೆನ್ನು ಮಾಡಿ ಕೂತ.

ವಸಂತ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆದುರಾಗಿ ದೋಣಿಯನ್ನು ಎಳೆದುಕೊಂಡು ಹೊರಟ. ಕಲ್ಲುಗಳು ಕಾಲಡಿ ಉರುಳುತ್ತಿದ್ದವು. ಎರಡು ಸಲ ಬಿದ್ದ. ಎದ್ದಾಗ ಹಿಂದೆ ತಿರುಗಿ ನೋಡಿದರೆ ಶೇಖ್ರ ಇನ್ನೂ ಹೊಳೆ ಹೋಗುವ ಕಡೆಗೇ ಮುಖ ಮಾಡಿ ಕೂತಿದ್ದ. ದಂಡೆಗೆ ಬಂದ ಮೇಲೆ ವಸಂತ ಮುದ್ದೆಯ ಉಂಡೆಯನ್ನು ಚೂರು ಚೂರಾಗಿ ಮುರಿದು ಎಮ್ಮೆಯ ಪಕ್ಕದ ಗುಂಡಿಗೆ ಹಾಕಿದ. ಸಣ್ಣ ಮರಿಮೀನುಗಳು ಬಂದು ಕಚ್ಚಿಕೊಂಡು ಹೋದವು. ದೊಡ್ಡದು ಯಾವುದೂ ಬರಲಿಲ್ಲ. ಬಸಮ್ಮನಿಗೆ ಫೋನು ಮಾಡಿ ಆಟೋ ಇಲ್ಲಿಗೇ ತರಲು ಹೇಳಿದ. ಅವಳು ಬಂದು ಇಬ್ಬರ ಮುಖ ನೋಡಿ ಏನೂ ಕೇಳದೆ ಛತ್ರಿ ಎತ್ತಿಕೊಂಡಳು. ಅದು ಒದ್ದೆಯಾಗಿರಲಿಲ್ಲ.

ಮಾರನೇ ದಿನ ವಸಂತ ಸೇತುವೆಯ ಮೇಲೆ ಬೈಕು ನಿಲ್ಲಿಸಿದ, ಫೋನು ತೆಗೆದ, ಮತ್ತೆ ಜೇಬಿಗಿಟ್ಟ. ಏನು ಹೇಳುವುದು? ಎಮ್ಮೆ ಇನ್ನು ಯಾವಾಗಲೂ ಮಲಗಿಯೇ ಇರುತ್ತದೆ. ಶುಕ್ರವಾರವೂ ಹೇಳಲಿಲ್ಲ. ಸೋಮವಾರದ ಹೊತ್ತಿಗೆ ನಿಲ್ಲಿಸುವುದನ್ನೂ ಬಿಟ್ಟ, ತಲೆ ತಗ್ಗಿಸಿ ಸೇತುವೆ ದಾಟಿಬಿಡುತ್ತಿದ್ದ. ಅರೇಬಿಕಾ ಹಣ್ಣಿನ ಕೊಯ್ಲು ಶುರುವಾಗಿತ್ತು. ಹೊಸ ಕಣದ ಮೇಲೆ ಕಾಫಿ ಹರವುವಾಗ ಕೆಲಸದ ಹೆಂಗಸರು ಮಾತಾಡಿಸಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಮನೆಯಲ್ಲಿ ಮಾನಸ ರೂಮಿನೊಳಗೆ ಕರೆದರೆ ಹೊಸಿಲಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದ. "ಒಳಗೆ ಬಾ ಅಪ್ಪ, ನಾನೇನು ಕಚ್ತೀನಾ?" ಎಂದಳು ಅವಳು ಒಂದು ದಿನ. ಅವನು ಕಾಲು ಕೆಸರು ಎಂದ.

ಹದಿಮೂರನೇ ದಿನ ಬೆಳಿಗ್ಗೆ ಬಸಮ್ಮನೇ ಫೋನು ಮಾಡಿದಳು. ಮಂಗಳವಾರ, ಹಾಸನದ ಬಸ್ಸಿಗೆ ಕಾಯುತ್ತಿದ್ದರು.

"ಏನ್ ವಸಂತಣ್ಣ, ನಮ್ ಮನೆ ಎಮ್ಮೆ ಸುದ್ದೀನೇ ಹೇಳಲ್ಲ ನೀವು? ಇವರು ಆರೂವರೆಗೆ ಎದ್ದು ಫೋನ್ ಮುಂದಿಟ್ಕೊಂಡು ಕೂರ್ತಾರೆ. ಬರ್ದೆ ಇದ್ರೆ ಮಾತ್ರೆ ನುಂಗಲ್ಲ, ಊಟ ಮಾಡಲ್ಲ. ಇಬ್ರದೂ ಜಗಳ ಏನಾರ ಇರ್ಲಿ, ನಂಗ್ಯಾಕಣ್ಣ ಈ ಶಿಕ್ಷೆ?"

"ಅಕ್ಕಾ, ಆ ಎಮ್ಮೆ..."

"ತಗೊಳ್ಳಿ, ಅವರ ಹತ್ರಾನೇ ಮಾತಾಡಿ."

ರಾಜಶೇಖರನ ಉಸಿರು ಮೊದಲು ಕೇಳಿಸಿತು. ಆಮೇಲೆ ದನಿ.

"ಅದು ಹೋಯ್ತಲ್ಲ. ಬೇರೆ ಕಲ್ಲು ನೋಡಿದ್ಯಾ?"

ವಸಂತ ಸೇತುವೆಯಿಂದ ಇನ್ನೂ ಅರ್ಧ ಮೈಲಿ ಹಿಂದಿದ್ದ. "ತಾಳು, ಮಾಡ್ತೀನಿ" ಎಂದು ಇಟ್ಟು, ಬೈಕು ಓಡಿಸಿಕೊಂಡು ಬಂದು ಕಂಬಿ ಹಿಡಿದು ಬಗ್ಗಿದ. ಎಮ್ಮೆಯ ಕೊಂಬು ವಾರೆಯಾಗಿ ನಿಂತಿತ್ತು. ಅದನ್ನು ಬಿಟ್ಟು ಕಣ್ಣು ಆಚೆ ಈಚೆ ಹಾಯಿಸಿದ. ಎಷ್ಟೊಂದು ಕಲ್ಲುಗಳು! ನಲವತ್ತು ವರ್ಷ ಅವುಗಳ ಪಕ್ಕದಲ್ಲೇ ಎಮ್ಮೆಯೊಂದನ್ನೇ ನೋಡಿಕೊಂಡು ಬಂದಿದ್ದ. ಎಡದಂಡೆಗೆ ಹತ್ತಿರ, ಜೆಸಿಬಿ ಮುಟ್ಟದ ಜಾಗದಲ್ಲಿ, ನೆಲಕ್ಕೆ ಗಟ್ಟಿಯಾಗಿ ಕಚ್ಚಿಕೊಂಡ ಬಂಡೆಯೊಂದು ಕಂಡಿತು. ಫೋನು ಮಾಡಿದ.

"ಒಂದು ಐತೆ ಕಣೋ. ಸಣ್ಣದು. ಕರು ಥರ."

"ನೀರೆಲ್ಲಿಗೈತೆ?"

"ಹೊಟ್ಟೆಗೆ."

"ಹೊಟ್ಟೆಗಿದ್ರೆ ದೋಣಿ ಬಿಡ್ಬೋದಾ, ಬಿಡಂಗಿಲ್ವಾ?"

"ಈಗ ಬಿಡಂಗಿಲ್ಲ. ಎಲ್ಲಿಗೆ ಬಂದ್ರೆ ಬಿಡ್ಬೋದು ಅಂತ ಗೊತ್ತಿಲ್ಲ. ನೋಡ್ತಾ ಇರ್ಬೇಕು. ಮಳೇಲಿ ಎಷ್ಟು, ಮಳೆ ಹೋದ್ಮೇಲೆ ಎಷ್ಟು, ಕೆಳಗೆ ತಳ ತಾಗುತ್ತಾ ಇಲ್ವಾ ಅಂತ... ಒಂದೆರಡು ಮಳೆಗಾಲ ನೋಡಿದ್ರೆ ಲೆಕ್ಕ ಸಿಗುತ್ತೆ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ತಿಳಿಯಿತು. ಆ ಕಡೆ ಬಸ್ಸು ಬಂದು ನಿಂತ ಸದ್ದು. ಬಸಮ್ಮ "ಹತ್ತ್ರೀ, ಕಾಲು ಎತ್ತಿಡಿ" ಎನ್ನುತ್ತಿದ್ದಳು. ಆ ಕಡೆಯ ಉಸಿರು ದೂರವಾಗಿ ಮತ್ತೆ ಹತ್ತಿರ ಬಂತು.

"ಒಂದೆರಡಾ?" ಎಂದ ರಾಜಶೇಖರ್.

ವಸಂತ ಕಂಬಿಯ ಮೇಲಿಂದ ಕರುವನ್ನೇ ನೋಡಿದ.

"ಸರಿ. ಹೊಟ್ಟೆಗೆ ಅಂತ ಬರ್ಕೋ ಇವತ್ತಿಂದು. ನಾಳೆ ಎಷ್ಟೈತೆ ಹೇಳು."

ಬಸ್ಸಿನ ಸದ್ದಿನಲ್ಲಿ ಫೋನು ಕಟ್ಟಾಯಿತು. ವಸಂತ ಹಾಜರಿ ಪುಸ್ತಕದ ಕೊನೇ ಹಾಳೆ ತೆಗೆದು, ತಾರೀಖು ಹಾಕಿ, ಕರು, ಹೊಟ್ಟೆಗೆ ಎಂದು ಬರೆದ. ಅದರ ಕೆಳಗೆ ಹಾಳೆ ಪೂರ್ತಿ ಖಾಲಿಯಿತ್ತು. ಎಸ್ಟೇಟಿನಲ್ಲಿ ಹಾಜರಿಯ ಗಂಟೆ ಹೊಡೆಯುವುದು ಕೇಳಿಸಿತು. ಅವನು ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಬೈಕು ಒದ್ದ.